ಕೋಳಿ ಲಿಟ್ಟರ್ ಗ್ಯಾಸಿಫೈಯರ್ ತಗೊಂಡು ಆರು ಬ್ಯಾಚ್ ಆಯ್ತು, ಹೆಂಗಿದೆ ಅಂತ ಕೇಳೋರಿಗೆ

ಲಿಟ್ಟರ್ ಅಂದ್ರೆ ಶೆಡ್ ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಕೋಳಿ ಹಿಕ್ಕೆ ಜೊತೆ ಸೇರಿದ್ದು, ಗ್ಯಾಸಿಫೈಯರ್ ಅಂದ್ರೆ ಅದನ್ನ ಗ್ಯಾಸ್ ಮಾಡಿ ಉರಿಸಿ ಶೆಡ್ಡಿಗೆ ಶಾಖ ಕೊಡೋ ಮಷೀನ್. ಐದಕ್ಕೆ ಮೂರೂವರೆ ಸ್ಟಾರ್. ಬರೀ ಮಷೀನ್‌ಗೆ ಅಂದ್ರೆ ನಾಲ್ಕೂವರೆ ಕೊಡ್ತಿದ್ದೆ, ಮಾರೋವಾಗ ಹೇಳಿದ ಮಾತಿಗೂ ಆಮೇಲೆ ಮಾಡಿದ ಸರ್ವೀಸ್‌ಗೂ ಸೇರಿಸಿ ಒಂದು ಕಮ್ಮಿ ಮಾಡಿದೀನಿ. ಕಂಪನಿ ಹೆಸರು ಹಾಕಲ್ಲ, ಇಂಥ ಮಷೀನ್ ಮಾಡೋರು ಈಗ ಸುಮಾರು ಜನ ಇದ್ದಾರೆ, ಯಾರ ಹತ್ರ ತಗೊಂಡ್ರೂ ನೀವು ನೋಡ್ಬೇಕಾಗಿದ್ದು ಇದೇನೇ.

ನಮ್ಮದು ಕುಣಿಗಲ್ ಕಡೆ, 3,000 ಬ್ರಾಯ್ಲರ್ ಹಿಡಿಯೋ ಒಂದು ಶೆಡ್. ಬ್ರೂಡಿಂಗ್, ಅಂದ್ರೆ ಮರಿಗಳಿಗೆ ಶಾಖ ಕೊಟ್ಟು ಸಾಕೋದು, ಪೂರ್ತಿ ನಾನೇ ನೋಡ್ಕೊಳ್ಳೋದು, ನಮ್ಮನೆಯವರು ತೋಟ ಮತ್ತೆ ಲೋಡಿಂಗ್ ನೋಡ್ಕೋತಾರೆ. ಕೋಳಿ ಸಾಕಿದವರಿಗೆ ಗೊತ್ತು, ಮರಿ ಇಳಿದ ಮೊದಲ ವಾರ 35 ಡಿಗ್ರಿ ಹತ್ರ ಶಾಖ ಇರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿ ಥರ ಇಳಿಸ್ಕೊಂಡು ಬರ್ತೀವಿ, ಡಿಸೆಂಬರ್ ಜನವರಿಯಲ್ಲಿ ರಾತ್ರಿ ಹೊತ್ತು ಅದನ್ನ ಹಿಡಿದಿಡೋಕೆ ಸಿಲಿಂಡರ್ ಮೇಲೆ ಸಿಲಿಂಡರ್ ಹಾಕ್ಬೇಕು. ನಮಗೆ ಚಳಿಗಾಲದ ಒಂದು ಬ್ಯಾಚ್‌ಗೆ 19 ಕೆಜಿದು ಒಂಬತ್ತು ಸಿಲಿಂಡರ್ ಹೋಗ್ತಿತ್ತು. ಆ ಕಡೆ ನೋಡಿದ್ರೆ ಬ್ಯಾಚ್ ಖಾಲಿ ಆದ್ಮೇಲೆ ಮೂರು ಟನ್ ಲಿಟ್ಟರ್ ರಾಶಿ ಬಿದ್ದಿರುತ್ತೆ, ಗೊಬ್ಬರದವರು ಬರೋದು ಹದಿನೈದು ದಿನ ತಡ ಆದ್ರೆ ಸಾಕು, ನೊಣ ಊರೊಳಗೆ ಹೋಗಿ ಜಗಳ ಶುರು. ಲಿಟ್ಟರಿಂದಾನೇ ಶಾಖ ಬರುತ್ತೆ ಅಂದ್ರೆ ಯಾರಿಗೆ ಬೇಡ ಹೇಳಿ.

ಮಾವನವರಿಗೆ ಗ್ಯಾಸಿಫೈಯರ್ ಅಂದ್ರೆ ಹೊಸದಲ್ಲ. ನಮ್ಮ ತುಮಕೂರು ಜಿಲ್ಲೆ ಹೊಸಹಳ್ಳಿಯಲ್ಲಿ 1988ರಲ್ಲೇ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಸೈನ್ಸ್‌ನ ಅಸ್ತ್ರ ಅನ್ನೋ ಗ್ರಾಮೀಣ ತಂತ್ರಜ್ಞಾನ ವಿಭಾಗದವರು ಕಟ್ಟಿಗೆಯಿಂದ ಗ್ಯಾಸ್ ಮಾಡಿ ಎಂಜಿನ್ ಓಡಿಸಿ ಮನೆಗಳಿಗೆ ದೀಪ ಹಾಕಿದ್ರು, ಕುಡಿಯೋ ನೀರು ಎತ್ತಿದ್ರು, ಹಿಟ್ಟಿನ ಗಿರಣಿನೂ ಅದರಲ್ಲೇ ಓಡ್ತಿತ್ತು. ಮಾವನವರು ಮೊದಲು ಕೇಳಿದ್ದು ಒಂದೇ ಮಾತು, "ಅಲ್ಲಮ್ಮ, ಅದು ಒಣ ಕಟ್ಟಿಗೆ, ಇದು ಕೋಳಿ ಹಿಕ್ಕೆ, ಒಣಗಿರುತ್ತಾ?" ಆ ಪ್ರಶ್ನೆನ ನಾನು ಸೇಲ್ಸ್‌ನವರಿಗೆ ಸರಿಯಾಗಿ ಕೇಳಿದ್ರೆ ಮೊದಲ ಎರಡು ಬ್ಯಾಚ್ ನೆಟ್ಟಗೆ ನಡೀತಿತ್ತು.

ಮಷೀನ್ ಹೆಂಗಿದೆ ಅಂದ್ರೆ, ಆಳೆತ್ತರದ ಡ್ರಮ್, ಮೇಲೆ ಲಿಟ್ಟರ್ ತುಂಬೋ ಹಾಪರ್, ಕೆಳಗೆ ಜಾಲರಿ, ಪಕ್ಕದಲ್ಲಿ ಚಿಕ್ಕ ಬ್ಲೋಯರ್. ಲಿಟ್ಟರ್‌ಗೆ ಪೂರ್ತಿ ಉರಿಯೋವಷ್ಟು ಗಾಳಿ ಕೊಡಲ್ಲ, ಕಾಲು ಭಾಗನೋ ಮೂರನೇ ಒಂದು ಭಾಗನೋ ಗಾಳಿ ಬಿಡ್ತಾರೆ, ಅದಕ್ಕೆ ಅದು ಉರಿದು ಬೂದಿ ಆಗೋ ಬದಲು 700, 800 ಡಿಗ್ರಿಯಲ್ಲಿ ಒಡೆದು ಗ್ಯಾಸ್ ಆಗುತ್ತೆ. ಆ ಗ್ಯಾಸ್‌ನಲ್ಲಿ ಅರ್ಧದಷ್ಟು ನೈಟ್ರೋಜನ್ನೇ, ಉರಿಯೋದು ಕಾರ್ಬನ್ ಮೊನಾಕ್ಸೈಡು, ಹೈಡ್ರೋಜನ್ನು, ಸ್ವಲ್ಪ ಮೀಥೇನು. ಅದನ್ನ ಅಲ್ಲೇ ಮೇಲಿನ ಬರ್ನರಲ್ಲಿ ಉರಿಸಿ, ಬಿಸಿ ಹೊಗೆನ ಒಂದು ಪೈಪ್ ಗೂಡಿನ ಮೂಲಕ ಚಿಮ್ನಿಗೆ ಕಳಿಸ್ತಾರೆ, ಶೆಡ್ಡಿಗೆ ಹೋಗೋ ಗಾಳಿ ಆ ಪೈಪ್‌ಗಳ ಹೊರಗಿಂದ ಹಾದು ಬಿಸಿ ಆಗಿ ಒಳಗೆ ಹೋಗುತ್ತೆ. ಹೊಗೆ ಬೇರೆ, ಗಾಳಿ ಬೇರೆ. ಜಾಲರಿ ಕೆಳಗೆ ಉಳಿಯೋ ಕರೀ ಪುಡಿನೇ ಬಯೋಚಾರ್.

ಈಗ ಒದ್ದೆ ವಿಷಯ. ಮೊದಲ ಬ್ಯಾಚಲ್ಲಿ ಕೋಳಿ ನೀರು ಕುಡಿಯೋ ಡ್ರಿಂಕರ್ ಕೆಳಗೆ ಒದ್ದೆಯಾಗಿ ಕೇಕ್ ಆಗಿದ್ದ ಲಿಟ್ಟರ್‌ನೂ ಸೇರಿಸಿ ಹಂಗೇ ತುಂಬಿದ್ವಿ, ಯಾಕಂದ್ರೆ ಮಾರಿದವರು "ಏನ್ ಬೇಕಾದ್ರೂ ಹಾಕಿ ಮೇಡಂ, ಸಗಣಿನೂ ನಡಿಯುತ್ತೆ" ಅಂದಿದ್ರು. ಎರಡು ಗಂಟೆ ಬಿಳೀ ಹೊಗೆ ಬಿಟ್ರೆ ಬೇರೇನೂ ಇಲ್ಲ, ಉರಿ ನಿಲ್ಲಲ್ಲ, ಮಧ್ಯರಾತ್ರಿ ಒಂದೂವರೆಗೆ ಮರಿಗಳು ಒಂದರ ಮೇಲೊಂದು ಹತ್ಕೊಂಡು ಗುಂಪು ಕಟ್ತಿವೆ, ನಾನು ಅಳ್ತಾ ಪಕ್ಕದ ಫಾರ್ಮಿನ ಅಕ್ಕನ ಮನೆಯಿಂದ ಸಿಲಿಂಡರ್ ತರ್ಸಿದೀನಿ. ಆ ರಾತ್ರಿ ನಲವತ್ತು ಮರಿ ಹೋದ್ವು. ಆಮೇಲೆ ಅರ್ಥ ಆಗಿದ್ದು, ಗ್ಯಾಸ್ ಆಗೋಕೆ ನೀರಿನಂಶ 15ರಿಂದ 20 ಪರ್ಸೆಂಟ್ ಒಳಗೆ ಇರಬೇಕು, ಅದಕ್ಕಿಂತ ಜಾಸ್ತಿ ಇದ್ರೆ ಶಾಖ ಎಲ್ಲಾ ನೀರು ಆವಿ ಮಾಡೋಕೇ ಹೋಗುತ್ತೆ. ಈಗ ಲಿಟ್ಟರ್‌ನ ಟಾರ್ಪಾಲ್ ಮೇಲೆ ನಾಲ್ಕೈದು ದಿನ ತೆಳ್ಳಗೆ ಹರಡಿ ಒಣಗಿಸಿ, ಜರಡಿ ಹಿಡಿದು, ಚೀಲ ಕಟ್ಟಿ ಇಡ್ತೀವಿ. ಕೈಯಲ್ಲಿ ಹಿಡಿದು ಅದುಮಿ ಬಿಟ್ರೆ ಉದುರಿ ಹೋಗ್ಬೇಕು, ಉಂಡೆ ನಿಂತ್ರೆ ಇನ್ನೊಂದು ದಿನ ಬಿಸಿಲು ಬೇಕು. ಮಳೆಗಾಲದ ಬ್ಯಾಚ್‌ಗೆ ಬೇಕಾಗಿದ್ದನ್ನ ಏಪ್ರಿಲ್ ಮೇನಲ್ಲೇ ಒಣಗಿಸಿ ಇಟ್ಕೊಳ್ಳಿ. ಒಣಗಿಸೋ ಜಾಗ, ಚೀಲ ಇಡೋ ಜಾಗ ಶೆಡ್ಡಿಂದ ದೂರ ಇರಲಿ, ಹಳೇ ಲಿಟ್ಟರ್ ಧೂಳು ಹೊಸ ಮರಿಗಳಿಗೆ ತಾಗಬಾರದು, ಜರಡಿ ಹಿಡಿಯೋರು ಮಾಸ್ಕ್ ಹಾಕ್ಲೇಬೇಕು.

ಸಗಣಿ ಬಗ್ಗೆನೂ ಹೇಳಿಬಿಡ್ತೀನಿ. ಹಸೀ ಸಗಣಿಯಲ್ಲಿ 80 ಪರ್ಸೆಂಟ್ ನೀರೇ. ಅದನ್ನ ತಟ್ಟಿ ಬೆರಣಿ ಮಾಡಿ ಒಣಗಿಸಿ ಒಡೆದು ಹಾಕಿದ್ರೆ ಉರಿಯುತ್ತೆ, ನಾನು ಎರಡು ಚೀಲ ಹಾಕಿ ನೋಡಿದೀನಿ. ಆದ್ರೆ ಯಾಕೆ ಹಾಕ್ಬೇಕು? ಹಸು ಇರೋರಿಗೆ ಗೋಬರ್ ಗ್ಯಾಸ್ ಇದೆಯಲ್ಲ, ದಿನಕ್ಕೆ ಐವತ್ತು ಕೆಜಿ ಸಗಣಿ, ಅಷ್ಟೇ ನೀರು ಕಲಸಿ ಬಿಟ್ರೆ ಎರಡು ಘನ ಮೀಟರ್ ಗ್ಯಾಸ್, ಐದಾರು ಜನದ ಮನೆ ಅಡಿಗೆ ಆಗೋಗುತ್ತೆ, ಸಾರಜನಕನೂ ಗುಂಡಿಯಿಂದ ಹೊರಗೆ ಬರೋ ಸ್ಲರಿಯಲ್ಲಿ ಉಳಿಯುತ್ತೆ. ನಮ್ಮ ದೊಡ್ಡಪ್ಪನ ಮನೇಲಿ ಇಪ್ಪತ್ತು ವರ್ಷದಿಂದ ಓಡ್ತಿದೆ. ಗ್ಯಾಸಿಫೈಯರಲ್ಲಿ ಸಾರಜನಕ ಹೆಚ್ಚುಕಮ್ಮಿ ಗಾಳಿಗೇ ಹೋಗುತ್ತೆ. ಒದ್ದೆ ಇದ್ದಿದ್ದು ಗುಂಡಿಗೆ, ಒಣಗಿದ್ದು ಡ್ರಮ್ಮಿಗೆ. ಸಗಣಿ ಇಟ್ಕೊಂಡು ಈ ಮಷೀನ್ ತಗೋಬೇಡಿ ಅಂತ ಡೈರಿಯವರಿಗೆ ಕೈಮುಗಿದು ಹೇಳ್ತೀನಿ.

ಎರಡನೇ ಬ್ಯಾಚಲ್ಲಿ ಇನ್ನೊಂದು ತಲೆನೋವು. ಗಾಜಿನ ಥರ ಗಟ್ಟಿ ಹೆಂಟೆಗಳು ಜಾಲರಿಗೆ ಅಂಟ್ಕೊಂಡು ಕೂತ್ವು. ಭತ್ತದ ಹೊಟ್ಟಲ್ಲಿ ಸಿಲಿಕಾ ಇರುತ್ತೆ, ಹಿಕ್ಕೆಯಲ್ಲಿ ಪೊಟ್ಯಾಶ್, ಎರಡೂ ಸೇರಿ ಜಾಸ್ತಿ ಶಾಖಕ್ಕೆ ಕರಗಿ ಗಂಟಾಗುತ್ತೆ. ನಾನು ಬಿಸಿ ಸಾಲ್ದು ಅಂತ ಬ್ಲೋಯರ್ ಜೋರು ಮಾಡ್ತಿದ್ದೆ, ತಪ್ಪು ಅದೇ. ಗಾಳಿ ಕಮ್ಮಿ ಮಾಡಿ, ಮೂರು ಪಾಲು ಲಿಟ್ಟರ್‌ಗೆ ಒಂದು ಪಾಲು ಒಡೆದ ಕರಟ ಸೇರಿಸೋಕೆ ಶುರು ಮಾಡಿದ್ಮೇಲೆ ಗಂಟು ನಿಂತೋಯ್ತು, ಹಾಪರಲ್ಲಿ ಲಿಟ್ಟರ್ ಕಮಾನು ಕಟ್ಕೊಂಡು ಕೆಳಗೆ ಇಳಿಯದೇ ನಿಲ್ತಿದ್ದಿದ್ದೂ ಕಮ್ಮಿ ಆಯ್ತು, ಉರಿನೂ ಒಂದೇ ಸಮ. ನಮ್ಮ ಕಡೆ ಕರಟಕ್ಕೇನು ಬರ. ಇದನ್ನ ಹೇಳ್ಕೊಟ್ಟಿದ್ದು ಕಂಪನಿಯವರಲ್ಲ, ನಮ್ಮೂರ ವೆಲ್ಡಿಂಗ್ ಅಂಗಡಿ ಅಣ್ಣ, ಬಾಗಿಲಿನ ಹಗ್ಗದ ಗ್ಯಾಸ್ಕೆಟ್ ಸುಟ್ಟೋದಾಗ ಬಂದು ನೋಡಿ ಹೇಳಿದ್ರು. ಕಂಪನಿ ಹುಡುಗ ಬಂದಿದ್ದು ಫೋನ್ ಮಾಡಿ ಹನ್ನೊಂದನೇ ದಿನಕ್ಕೆ. ಮರಿ ಇಳಿದಿರೋ ಶೆಡ್ಡಿಗೆ ಹನ್ನೊಂದು ದಿನ ಕಾಯೋಕಾಗುತ್ತಾ? ಬಂದ್ಮೇಲೆ ಕೆಲಸ ಚೆನ್ನಾಗೇ ಮಾಡಿಕೊಟ್ಟ, ಅದು ಬೇರೆ ಮಾತು.

ಮೂರನೇ ಬ್ಯಾಚಿಂದ ಇಷ್ಟ ಆಗೋಕೆ ಶುರುವಾಯ್ತು, ಮತ್ತೆ ಇಷ್ಟ ಆದ ಕಾರಣ ನಾನು ಅಂದ್ಕೊಂಡಿದ್ದಲ್ಲ. ಶೆಡ್ಡೊಳಗೆ ಗ್ಯಾಸ್ ಬ್ರೂಡರ್ ಉರಿಸಿದಾಗ ಒಂದು ಕೆಜಿ ಎಲ್‌ಪಿಜಿಗೆ ಒಂದೂವರೆ ಕೆಜಿಗಿಂತ ಜಾಸ್ತಿ ನೀರಾವಿ ಹುಟ್ಟುತ್ತೆ, ಅಂದ್ರೆ ಒಂದು ಸಿಲಿಂಡರ್ ಖಾಲಿ ಆಗೋದ್ರೊಳಗೆ ಮೂವತ್ತು ಲೀಟರ್ ಹತ್ರ ನೀರು ನಾವೇ ಶೆಡ್ಡಿಗೆ ಬಿಟ್ಟಂಗೆ. ಇಷ್ಟು ವರ್ಷ ಪರದೆ ಒಳಗಡೆ ನೀರು ಇಳಿಯೋದು, ಲಿಟ್ಟರ್ ಮೆತ್ತಗಾಗೋದು, ಬೆಳಿಗ್ಗೆ ಒಳಗೆ ಹೋದ್ರೆ ಅಮೋನಿಯಾಗೆ ಕಣ್ಣು ಉರಿಯೋದು, ಇದೆಲ್ಲಾ ಡ್ರಿಂಕರ್ ಲೀಕ್ ಅಂತ ತಿಳ್ಕೊಂಡಿದ್ದೆ. ಈಗ ಒಳಗೆ ಬರೋದು ಒಣ ಬಿಸಿ ಗಾಳಿ. ಪರದೆ ಒಣಗಿರುತ್ತೆ, ಹೊಟ್ಟು ಕಾಲಿಗೆ ಹಗುರವಾಗಿ ಸಿಗುತ್ತೆ, ಮರಿಗಳು ಶೆಡ್ ತುಂಬ ಹರಡ್ಕೊಂಡು ಮಲಗಿರ್ತವೆ. ಆ ಹರಡ್ಕೊಂಡು ಮಲಗಿರೋದನ್ನ ನೋಡಿದ್ರೇನೇ ಬ್ರೂಡಿಂಗ್ ಮಾಡೋರಿಗೆ ನಿದ್ದೆ ಬರೋದು. ಮರಿ ಕೊಡೋ ಕಂಪನಿ ಸೂಪರ್‌ವೈಸರ್ ಕೂಡ ಮೂರನೇ ಬ್ಯಾಚಲ್ಲಿ ಬಂದು ಏನು ಬದಲಾಯಿಸಿದ್ರಿ ಅಂತ ಕೇಳಿದ್ರು.

ಒಂದು ಮಾತು ದಯವಿಟ್ಟು ಗಮನ ಇಟ್ಟು ಓದಿ. ಗ್ಯಾಸಿಫೈಯರ್ ಗ್ಯಾಸಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಜೀವ ತೆಗೆಯುತ್ತೆ. ಮಷೀನ್ ಶೆಡ್ಡಿಗೆ ಹೊರಗೇ ಇರಬೇಕು, ಮೇಲೆ ಬರೀ ಶೀಟು, ಸುತ್ತ ಗೋಡೆ ಕಟ್ಟಬೇಡಿ. ಕರೆಂಟ್ ಹೋಗಿ ಬ್ಲೋಯರ್ ನಿಂತ್ರೆ ಉರಿ ಆರಿ ಗ್ಯಾಸ್ ಹಂಗೇ ಹೊರಗೆ ಬರುತ್ತೆ, ನಮ್ಮ ಕಡೆ ರಾತ್ರಿ ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ, ಅದಕ್ಕೆ ಇನ್ವರ್ಟರ್ ಇಲ್ಲದೇ ಈ ಮಷೀನ್ ಹಚ್ಚಲೇಬಾರದು. ಶೆಡ್ಡೊಳಗೆ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಹಾಕಿಸಿದೀನಿ. ಇದನ್ನ ಮಷೀನ್ ಜೊತೆಗೇ ಕೊಡ್ಬೇಕಿತ್ತು, ಕೊಡಲಿಲ್ಲ, ಒಂದು ಸ್ಟಾರ್ ಕಮ್ಮಿ ಆಗಿದ್ದಕ್ಕೆ ಇದೂ ಕಾರಣ.

ಕರೆಂಟ್ ತಯಾರಿಸೋ ಜನರೇಟರ್ ಸೆಟ್ ಕೂಡ ಸೇರಿಸ್ಕೊಳ್ಳಿ ಅಂತ ತುಂಬಾ ಒತ್ತಾಯ ಮಾಡಿದ್ರು. ಬೇಡ ಅಂದೆ. ಎಂಜಿನ್‌ಗೆ ಹೋಗೋ ಗ್ಯಾಸ್‌ನ ತಣ್ಣಗೆ ಮಾಡಿ ಟಾರು ಧೂಳು ಎಲ್ಲಾ ತೊಳೀಬೇಕು, ಆ ಟಾರ್ ನೀರನ್ನ ಎಲ್ಲಿ ಚೆಲ್ಲೋದು? ಒಂದೇ ಶೆಡ್ಡಿನವರಿಗೆ ಅದು ಆಗೋ ಮಾತಲ್ಲ, ಬಿಸಿ ಗಾಳಿ ಸಾಕು.

ಬಯೋಚಾರ್‌ಗೆ ಬರ್ತೀನಿ. ಹತ್ತು ಕೆಜಿ ಲಿಟ್ಟರ್‌ಗೆ ನಮಗೆ ಎರಡೂವರೆ ಕೆಜಿ ಹತ್ರ ಸಿಗ್ತಿದೆ, ಬ್ಯಾಚ್‌ಗೆ ಒಂದು ಟನ್ ಉರಿಸಿದ್ರೆ ಐದಾರು ಚೀಲ. ತೆಗೆದ ತಕ್ಷಣ ನೀರು ಹೊಡೆದು ಪೂರ್ತಿ ಆರಿಸಿ, ಮೇಲೆ ತಣ್ಣಗೆ ಕಂಡ್ರೂ ಒಳಗೆ ಕೆಂಡ ಇರುತ್ತೆ, ನಮ್ಮದು ಒಂದು ಚೀಲ ರಾತ್ರಿ ಹೊತ್ಕೊಂಡಿತ್ತು. ಅದರಲ್ಲಿ ರಂಜಕ, ಪೊಟ್ಯಾಶ್, ಸುಣ್ಣದಂಶ ಉಳಿದಿರುತ್ತೆ, ಸಾರಜನಕ ಅಷ್ಟಾಗಿ ಇರಲ್ಲ. ಮೊದಲ ಸಲ ಗೊತ್ತಿಲ್ಲದೇ ಹಂಗೇ ರಾಗಿ ಹೊಲಕ್ಕೆ ಎರಚಿದ್ವಿ, ಹಾಕಿದ ಪಟ್ಟೆಯಷ್ಟೂ ಪೈರು ಹಳದಿ ತಿರುಗ್ತು. ಈಗ ದೊಡ್ಡಪ್ಪನ ಮನೆ ಗೋಬರ್ ಗ್ಯಾಸ್ ಸ್ಲರಿಯಲ್ಲಿ ಹದಿನೈದು ದಿನ ನೆನೆಸಿ, ತಿಪ್ಪೆ ಗೊಬ್ಬರದ ಜೊತೆ ಬೆರೆಸಿ ತೆಂಗಿನ ಪಾತಿಗೆ ಹಾಕ್ತೀವಿ. ಕಳೆದ ಬೇಸಿಗೆಯಲ್ಲಿ ಚಾರ್ ಹಾಕಿದ ಪಾತಿಯಲ್ಲಿ ನೀರು ಬಿಟ್ಟು ನಾಲ್ಕನೇ ದಿನನೂ ಮಣ್ಣು ತಂಪಾಗಿತ್ತು, ಪಕ್ಕದ ಪಾತಿ ಎರಡೇ ದಿನಕ್ಕೆ ಬಿರುಕು ಬಿಟ್ಟಿತ್ತು. ನಮ್ಮದು ಕೆಂಪು ಮಣ್ಣು, ಸ್ವಲ್ಪ ಹುಳಿ, ಅದಕ್ಕೆ ಒಗ್ಗುತ್ತೆ. ಸವುಳು ಮಣ್ಣಿರೋರು ಹಾಕಬೇಡಿ, ಈ ಚಾರ್ ಕ್ಷಾರ ಜಾಸ್ತಿ. ಶೆಡ್ಡೊಳಗೆ ಲಿಟ್ಟರ್‌ಗೂ ಬೆರೆಸಬೇಡಿ, ಕ್ಷಾರ ಸೇರಿದ್ರೆ ಅಮೋನಿಯಾ ಇನ್ನೂ ಏಳುತ್ತೆ.

ದುಡ್ಡಿನ ಲೆಕ್ಕ. ಮಷೀನ್, ಪೈಪು, ಫಿಟ್ಟಿಂಗ್ ಎಲ್ಲಾ ಸೇರಿ 1,80,000 ಆಯ್ತು. ಆರು ಬ್ಯಾಚಲ್ಲಿ, ಅಂದ್ರೆ ಹೆಚ್ಚುಕಮ್ಮಿ ಒಂದು ವರ್ಷಕ್ಕೆ, ಒಟ್ಟು 27 ಸಿಲಿಂಡರ್ ಉಳಿದಿದೆ, ನಾವು ತಗೊಂಡ ರೇಟಲ್ಲಿ 48,000 ಚಿಲ್ಲರೆ. ಕರೆಂಟು, ರಿಪೇರಿ, ಲಿಟ್ಟರ್ ಮಾರದೇ ಬಿಟ್ಟಿದ್ದು ಕಳೆದ್ರೆ ಕೈಗೆ 38,000 ಹತ್ರ. ಎರಡು ವರ್ಷಕ್ಕೆ ಅಸಲು ವಾಪಸ್ ಅಂದಿದ್ರು, ನಮಗೆ ನಾಲ್ಕೂವರೆ ಐದು ವರ್ಷ ಬೇಕು. ಹತ್ತು ಸಾವಿರ ಕೋಳಿ ಇರೋರಿಗೆ ಬೇಗ ಬರಬಹುದು, ಸಾವಿರ ಕೋಳಿ ಇರೋರು ಯೋಚನೆನೂ ಮಾಡಬೇಡಿ.

ತಗೊಳ್ಳೋರು ಅಡ್ವಾನ್ಸ್ ಕೊಡೋಕೆ ಮುಂಚೆ ನಿಮ್ಮ ಶೆಡ್ಡಿನದೇ ನಾಲ್ಕು ಚೀಲ ಲಿಟ್ಟರ್ ತಗೊಂಡು ಅವರ ಜಾಗಕ್ಕೆ ಹೋಗಿ, ಮೂರು ಗಂಟೆ ಓಡಿಸಿ ತೋರಿಸಿ ಅನ್ನಿ. ಅವರದ್ದೇ ಪೆಲೆಟ್, ಅಂದ್ರೆ ಒಣಗಿಸಿ ಅದುಮಿದ ಗುಳಿಗೆ, ಹಾಕಿ ತೋರಿಸ್ತೀನಿ ಅಂದ್ರೆ ಒಪ್ಕೋಬೇಡಿ, ನಮಗೆ ಹಂಗೇ ತೋರಿಸಿದ್ದು. ಗ್ಯಾಸ್ಕೆಟ್ ಹಗ್ಗ ಎರಡು ಎಕ್ಸ್‌ಟ್ರಾ, ಜಾಲರಿ ಒಂದು ಎಕ್ಸ್‌ಟ್ರಾ ಬಿಲ್ಲಿನಲ್ಲೇ ಬರೆಸ್ಕೊಳ್ಳಿ. ನಮ್ಮ ಏಳನೇ ಬ್ಯಾಚ್ ಮರಿ ಸೋಮವಾರ ಇಳೀತಿದೆ, ಒಣಗಿದ ಲಿಟ್ಟರ್ ನಲವತ್ತು ಚೀಲ ಕಟ್ಟಿ ಇಟ್ಟಿದೀನಿ, ಕುಣಿಗಲ್ ಸುತ್ತಮುತ್ತ ಯಾರಾದ್ರೂ ನೋಡ್ಬೇಕು ಅಂದ್ರೆ ಸಂಜೆ ಆರರ ಮೇಲೆ ಬನ್ನಿ, ಹಚ್ಚೋದು ಆ ಹೊತ್ತಿಗೇ. ಚಪ್ಪಲಿ ಹೊರಗೆ ಬಿಟ್ಟು ಕಾಲು ತೊಳ್ಕೊಂಡು ಬನ್ನಿ, ಬೇರೆ ಫಾರ್ಮಿಂದ ನೇರವಾಗಿ ಬರಬೇಡಿ.