ಕಿರುಕೊಂಡಿ ಸೇವೆಯ ಎಪಿಐ: ಮೂರು ವರ್ಷ ಬಳಸಿದ ಮೇಲೆ

ನಮ್ಮದು ಮಕ್ಕಳಿಗಾಗಿ ವಿಜ್ಞಾನದ ಪುಸ್ತಕ ತರುವ ಸಣ್ಣ ಪ್ರಕಾಶನ. ಪ್ರತಿ ಪಾಠದ ಕೊನೆಗೆ ಅಚ್ಚಾಗಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಪ್ರಯೋಗದ ವಿಡಿಯೊ ತೆರೆದುಕೊಳ್ಳುತ್ತದೆ. ಕೋಡಿನ ಹಿಂದಿರುವುದು ನಮ್ಮದೇ ಡೊಮೇನಿನ ಕಿರುಕೊಂಡಿ, ಅಂದರೆ ಉದ್ದ ವಿಳಾಸಕ್ಕೆ ಕರೆದೊಯ್ಯುವ ಪುಟ್ಟ ವಿಳಾಸ; ಅದನ್ನು ನಡೆಸಲು ಚಂದಾ ಕಟ್ಟಿ ಒಂದು ಸೇವೆಯನ್ನು ಬಳಸುತ್ತೇವೆ. ಸ್ವಂತ ಡೊಮೇನೇ ಬೇಕೆಂದು ನಾನು ಹಟ ಹಿಡಿಯಲು ಕಾರಣವಿದೆ. ಗೂಗಲ್ ತನ್ನ ಕಿರುಕೊಂಡಿ ಸೇವೆಯಲ್ಲಿ ಹೊಸ ಕೊಂಡಿ ಕೊಡುವುದನ್ನು 2019ರಲ್ಲಿ ನಿಲ್ಲಿಸಿತು. ಅಂಥ ವಿಳಾಸವನ್ನು ಪುಸ್ತಕದಲ್ಲಿ ಅಚ್ಚು ಹಾಕಿದವರು ಏನು ಮಾಡಬೇಕು?

ಐದು ತರಗತಿಗಳಿಗೆ ಐದು ಉಪಡೊಮೇನ್. ಕೊಂಡಿ ಸಿಗದಿದ್ದರೆ ಯಾವ ಪುಟ ತೋರಿಸಬೇಕು, ದೊಡ್ಡ ಮತ್ತು ಚಿಕ್ಕ ಇಂಗ್ಲಿಷ್ ಅಕ್ಷರಗಳನ್ನು ಬೇರೆಯೆಂದು ಎಣಿಸಬೇಕೇ, ಓದುಗನನ್ನು 301 (ಶಾಶ್ವತ) ಸಂಕೇತದಿಂದ ಕಳುಹಿಸಬೇಕೇ ಅಥವಾ 302 (ತಾತ್ಕಾಲಿಕ) ಸಂಕೇತದಿಂದಲೇ ಎಂಬುದೆಲ್ಲ ಡೊಮೇನ್ ಸೆಟ್ಟಿಂಗ್‌ಗೆ ಸೇರಿದ್ದು. ಡ್ಯಾಶ್‌ಬೋರ್ಡಿನಲ್ಲಿ ಐದು ಸಲ ಮಾಡಬೇಕಾದ ಕೆಲಸವನ್ನು ಎಪಿಐ (ನಮ್ಮ ಪ್ರೋಗ್ರಾಂ ಸೇವೆಗೆ ನೇರವಾಗಿ ಆದೇಶ ಕೊಡುವ ದಾರಿ) ಮೂಲಕ ಒಂದು ಪುಟ್ಟ ಸ್ಕ್ರಿಪ್ಟ್ ಕ್ಷಣದಲ್ಲಿ ಮುಗಿಸುತ್ತದೆ. ಮೂರು ವರ್ಷದಲ್ಲಿ ಒಮ್ಮೆಯೂ ಅದು ಕೈಕೊಟ್ಟಿಲ್ಲ.

ಆದರೆ ಕಳೆದ ಜೂನ್‌ನಲ್ಲಿ ನಡೆದದ್ದನ್ನು ಹೇಳಲೇಬೇಕು. ಕೊಂಡಿ ಸಿಗದಾಗ ತೋರಿಸುವ ಪುಟವೊಂದನ್ನೇ ಬದಲಿಸಲು ಅದೊಂದೇ ಅಂಶವನ್ನು ಕಳುಹಿಸಿದೆ. 200, ಅಂದರೆ ಕೆಲಸ ಸರಿಯಾಗಿ ಆಯಿತು ಎಂಬ ಉತ್ತರ ಬಂತು. ಆದರೆ ನಾನು ಕಳುಹಿಸದೆ ಬಿಟ್ಟ ಅಂಶಗಳೆಲ್ಲ ಸೇವೆಯ ಮೂಲ ಸ್ಥಿತಿಗೆ ಮರಳಿದ್ದವು. 302 ಇದ್ದದ್ದು 301 ಆಗಿತ್ತು. 301 ಎಂದರೆ ಶಾಶ್ವತ ಬದಲಾವಣೆ. ಬ್ರೌಸರ್ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ಸೇವೆಯನ್ನು ಕೇಳದೆಯೇ ಹಳೆಯ ವಿಳಾಸಕ್ಕೆ ಹೋಗಬಹುದು. ಅದೇ ವಾರ ಒಂದು ವಿಡಿಯೊವನ್ನು ಬದಲಿಸಿದ್ದೆವು. ಹಳೆಯದರಲ್ಲಿ ಆಮ್ಲಕ್ಕೆ ನೀರು ಸುರಿಯುವ ದೃಶ್ಯವಿತ್ತು. ಸುರಿಯಬೇಕಾದದ್ದು ನೀರಿಗೆ ಆಮ್ಲವನ್ನು. ಶಿರಸಿಯ ಕಡೆಯ ಶಿಕ್ಷಕಿಯೊಬ್ಬರು ಫೋನ್ ಮಾಡಿ, “ಸರ್, ಶಾಲೆಯ ಫೋನಿನಲ್ಲಿ ಹಳೆಯ ವಿಡಿಯೊ ಬರುತ್ತಿದೆ, ಮಕ್ಕಳ ಮನೆಯ ಫೋನಿನಲ್ಲಿ ಹೊಸದು” ಎಂದಾಗ ಎದೆ ಧಸಕ್ಕೆಂದಿತು. ಹಳೆಯ ವಿಳಾಸವೂ ನಮ್ಮದೇ ತಾಣದಲ್ಲಿದ್ದುದರಿಂದ ಅಲ್ಲಿಂದಲೇ ಹೊಸ ವಿಡಿಯೊಗೆ ತಿರುಗಿಸಿ ಬಚಾವಾದೆವು.

ವೆಬ್‌ನಲ್ಲಿ ಕೋರಿಕೆ ಕಳುಹಿಸುವಾಗ ಒಂದು ಭಾಗವನ್ನಷ್ಟೇ ಬದಲಿಸಲು ಪ್ಯಾಚ್ ಎಂಬ ವಿಧಾನ 2010ರಿಂದಲೇ ಪ್ರಮಾಣಿತವಾಗಿದೆ. ಈ ಸೇವೆ ಎಲ್ಲದಕ್ಕೂ ಪೋಸ್ಟ್ ಎಂಬ ಇನ್ನೊಂದು ವಿಧಾನವನ್ನೇ ಬಳಸುತ್ತದೆ; ಬಿಟ್ಟ ಅಂಶಗಳಿಗೆ ಏನಾಗುತ್ತದೆಂದು ಕೈಪಿಡಿಯಲ್ಲಿ ಒಂದು ಸಾಲೂ ಇರಲಿಲ್ಲ. ನಾನು ಬರೆದ ಮೇಲೆ ಆ ಸಾಲು ಸೇರಿತು, ಅದಕ್ಕೆ ಕೃತಜ್ಞ. ಈಗ ಇರುವ ಸೆಟ್ಟಿಂಗನ್ನು ಮೊದಲು ಓದಿ ಕಡತದಲ್ಲಿ ಉಳಿಸುತ್ತೇನೆ, ಬೇಕಾದ್ದನ್ನು ತಿದ್ದಿ ಪೂರ್ತಿಯಾಗಿ ಕಳುಹಿಸುತ್ತೇನೆ, ಮತ್ತೆ ಓದಿ ಹಳೆಯದರೊಂದಿಗೆ ತಾಳೆ ನೋಡುತ್ತೇನೆ.

ಈ ವರ್ಷವೂ ಚಂದಾ ಕಟ್ಟಿದ್ದೇನೆ. ಐದರಲ್ಲಿ ನಾಲ್ಕು ನಕ್ಷತ್ರ. ಕೊಂಡಿ ಸೃಷ್ಟಿಸಲೂ ಡೊಮೇನ್ ಬದಲಿಸಲೂ ಒಂದೇ ಎಪಿಐ ಕೀ (ಪಾಸ್‌ವರ್ಡ್‌ನಂಥ ಗುಪ್ತ ಸಂಕೇತ) ಇರುವುದಕ್ಕಾಗಿ ಒಂದನ್ನು ಹಿಡಿದಿಟ್ಟಿದ್ದೇನೆ. ಪುಟವಿನ್ಯಾಸ ಮಾಡುವ ಹುಡುಗಿಗೆ ಕೊಂಡಿ ಮಾಡುವ ಕೀ ಮಾತ್ರ ಸಾಕು, ಆದರೆ ಸದ್ಯಕ್ಕೆ ಅವಳಿಗೆ ಕೊಟ್ಟರೆ ಐದೂ ಡೊಮೇನುಗಳನ್ನು ಕೊಟ್ಟಂತೆ. ಹಾಗಾಗಿ ಪ್ರತಿ ಹೊಸ ಪಾಠದ ಕೊಂಡಿಯನ್ನೂ ಇವತ್ತಿಗೂ ನಾನೇ ಮಾಡಿಕೊಡುತ್ತಿದ್ದೇನೆ.