ಪೀಣ್ಯದ ಬೋರ್ಡಿಲ್ಲದ ನುಚ್ಚಿನುಂಡೆ ಅಂಗಡಿ: ಆರು ತಿಂಗಳು ತಿಂದ ಮೇಲೆ ಬರೀತಿರೋ ರಿವ್ಯೂ

ಸಂಜೆ ನಾಲ್ಕೂವರೆ ಹಸಿವು ಅನ್ನೋದೇ ಬೇರೆ ಜಾತಿ. ಮಧ್ಯಾಹ್ನದ ಡಬ್ಬಿ ಊಟ ಕರಗೋಗಿರುತ್ತೆ, ರಾತ್ರಿ ಊಟಕ್ಕೆ ಇನ್ನೂ ನಾಲ್ಕೈದು ಗಂಟೆ ಇರುತ್ತೆ, ಕೈಲಿರೋದು ಹತ್ತೇ ನಿಮಿಷ, ಆ ಹೊತ್ತಲ್ಲಿ ಯಾವನಿಗೂ ಆರೋಗ್ಯ ಗೀರೋಗ್ಯ ನೆನಪಾಗಲ್ಲ, ಹತ್ರ ಏನ್ ಸಿಗುತ್ತೋ ಅದು ಬಾಯಿಗೆ. ನನಗೆ ಹತ್ರ ಇದ್ದಿದ್ದು ಬೇಕರಿ. ಐದು ವರ್ಷ ಎಗ್ ಪಫ್ಸು, ಖಾರಾ ಬನ್ನು, ಸಂಬಳದ ದಿನ ದಿಲ್‌ಪಸಂದು, ಮೇಲೊಂದು ಟೀ. ಪ್ಯಾಂಟು 34ರಿಂದ 38ಕ್ಕೆ ಹೋಯ್ತು, ಡಾಕ್ಟ್ರು ಬ್ಲಡ್ ರಿಪೋರ್ಟ್ ನೋಡಿ ಏನೂ ಹೇಳ್ದೆ ಕನ್ನಡಕ ತೆಗೆದು ಮೇಜಿನ ಮೇಲಿಟ್ರು. ಅಷ್ಟು ಸಾಕಾಯ್ತು.

ಈ ಅಂಗಡಿ ಇರೋದು ಬೆಂಗಳೂರಿನ ಪೀಣ್ಯ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಮೆಟ್ರೋ ಇಳಿದು ಫ್ಯಾಕ್ಟರಿ ಕಡೆ ನಡೆಯೋ ದಾರೀಲಿ. ಅಂಗಡಿ ಅಂದ್ರೆ ದೊಡ್ಡದೇನಲ್ಲ, ಒಂದು ಶಟರು, ಎರಡು ಸ್ಟವ್ವು, ಮೂರು ಇಡ್ಲಿ ಪಾತ್ರೆ. ಬೋರ್ಡೇ ಇಲ್ಲ, ಎಲ್ರೂ ಅಕ್ಕನ ಅಂಗಡಿ ಅಂತಾರೆ. ಬೆಳಿಗ್ಗೆ ಏಳರಿಂದ ಹತ್ತೂವರೆ, ಆಮೇಲೆ ಮಧ್ಯಾಹ್ನ ಮೂರೂವರೆಯಿಂದ ಖಾಲಿ ಆಗೋವರ್ಗೂ.

ಮೊದಲು ನುಚ್ಚಿನುಂಡೆ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಮಿಕ್ಕಿದ್ದೆಲ್ಲ ಆಮೇಲಿಂದು. ತೊಗರಿಬೇಳೆ ಕಡ್ಲೆಬೇಳೆ ನೆನೆಸಿ, ನೀರು ಪೂರ್ತಿ ಬಸಿದು, ಹಸಿಮೆಣಸಿನಕಾಯಿ ಶುಂಠಿ ಹಾಕಿ ತರಿತರಿಯಾಗಿ ರುಬ್ಬಿ, ಅದಕ್ಕೆ ಕಾಯಿತುರಿ, ಇಂಗು, ಕರಿಬೇವು, ಕೈತುಂಬ ಸಬ್ಬಸಿಗೆ ಸೊಪ್ಪು. ಇದೇ ಹಿಟ್ಟನ್ನ ತಟ್ಟಿ ಎಣ್ಣೆಗೆ ಬಿಟ್ರೆ ಅಂಬೊಡೆ, ಉಂಡೆ ಕಟ್ಟಿ ಹಬೆಗಿಟ್ರೆ ನುಚ್ಚಿನುಂಡೆ. ಅಂಬೊಡೆ ರುಚಿ ಜಾಸ್ತಿ ಅನ್ನೋದ್ರಲ್ಲಿ ಅನುಮಾನ ಇಲ್ಲ, ಸುಳ್ಳು ಹೇಳಲ್ಲ. ಆದ್ರೆ ಎರಡು ಅಂಬೊಡೆ ತಿಂದು ಕಂಪ್ಯೂಟರ್ ಮುಂದೆ ಕೂತ್ರೆ ಕಣ್ಣು ಎಳೆಯುತ್ತೆ, ನಾಲ್ಕು ನುಚ್ಚಿನುಂಡೆ ತಿಂದ್ರೆ ಎಂಟು ಗಂಟೆವರೆಗೂ ಹೊಟ್ಟೆ ಸುಮ್ನಿರುತ್ತೆ. ಅಕ್ಕ ಪಾತ್ರೆ ಮುಚ್ಚಳ ತೆಗೆದಾಗ ಸಬ್ಬಸಿಗೆ ವಾಸನೆ ರಸ್ತೆಗೆ ಬರುತ್ತೆ, ಒಂದು ಉಂಡೇನ ಹೆಬ್ಬೆಟ್ಟಲ್ಲಿ ಒತ್ತಿ ನೋಡ್ತಾರೆ, ಕೈಗೆ ಅಂಟಿದ್ರೆ ಮತ್ತೆ ಮುಚ್ಚಿಡ್ತಾರೆ, ಕ್ಯೂ ಎಷ್ಟೇ ಉದ್ದ ಇರ್ಲಿ ಬೇಯದೆ ಕೊಡಲ್ಲ. ಅಡಿಕೆ ಹಾಳೆ ತಟ್ಟೇಲಿ ನಾಲ್ಕು ಉಂಡೆ, ಪಕ್ಕದಲ್ಲಿ ಮಜ್ಜಿಗೆಹುಳಿ, 40 ರೂಪಾಯಿ.

ಲೆಕ್ಕ ಹಾಕೋ ಚಟ ಇರೋರಿಗೆ: ತೊಗರಿಬೇಳೇಲಿ 100 ಗ್ರಾಮಿಗೆ ಹೆಚ್ಚುಕಮ್ಮಿ 22 ಗ್ರಾಂ ಪ್ರೋಟೀನು. ನಾಲ್ಕು ಉಂಡೇಲಿ 50-60 ಗ್ರಾಂ ಬೇಳೆ ಇದೆ ಅಂತ ನನ್ನ ಅಂದಾಜು, ಅಲ್ಲಿಗೆ ಎರಡು ಮೊಟ್ಟೆಯಷ್ಟು ಪ್ರೋಟೀನ್ ಬಂತು. ಪಫ್ಸಲ್ಲಿ ಅರ್ಧ ಮೊಟ್ಟೆ, ಮಿಕ್ಕಿದ್ದು ಮೈದಾ, ಡಾಲ್ಡಾ.

ಗುಗ್ಗರೀನೂ ಚೆನ್ನಾಗಿದೆ, ಒಂದಿನ ಹುರಳಿ, ಒಂದಿನ ಹೆಸರುಕಾಳು, ಒಂದಿನ ಕಡ್ಲೆ, ಪೇಪರ್ ಕಪ್ಪಲ್ಲಿ 30 ರೂಪಾಯಿ. ನ್ಯೂಸ್‌ಪೇಪರ್ ಪೊಟ್ಟಣ ಕಟ್ಟಲ್ಲ ಅನ್ನೋದು ನನಗೆ ತುಂಬ ಇಷ್ಟ ಆಯ್ತು, ಪೇಪರಿನ ಇಂಕು ಊಟಕ್ಕೆ ಹತ್ತುತ್ತೆ ಅಂತ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐನೋರು ವರ್ಷಗಳಿಂದ ಹೇಳ್ತಾನೇ ಇದಾರೆ, ನಮ್ಮೂರಲ್ಲಿ ಬಜ್ಜಿ ಅಂದ್ರೆ ಇನ್ನೂ ಪೇಪರ್ರೇ. ಡಿಸೆಂಬರ್ ಬಂತಂದ್ರೆ ಗುಗ್ಗರಿ ಜಾಗಕ್ಕೆ ಅವರೆಕಾಳು. ಸೊಗಡಿನ ಅವರೆ ಬೇಯಿಸಿ, ಸಾಸಿವೆ ಒಗ್ಗರಣೆ ಕೊಟ್ಟು, ಮೇಲೆ ಕಾಯಿ ಉದುರಿಸಿ ಕೊಟ್ರೆ ನಾನು ಮನೇಲಿ ರಾತ್ರಿ ಊಟ ಬೇಡ ಅಂದಿದ್ದೂ ಇದೆ. ಮನೆಯವಳು ಒಂದಿನ ಕೇಳಿದ್ಲು, "ಎಲ್ಲಿ ತಿಂದ್ಕೊಂಡ್ ಬಂದ್ರಿ, ನಿಜ ಹೇಳಿ". ಅವರೆಕಾಳು ಅಂದ್ರೆ ನಂಬ್ಲಿಲ್ಲ, ಶರ್ಟ್ ಮೂಸಿ ನೋಡಿದ್ಮೇಲೆ ನಂಬಿದ್ಲು, ಮಾರನೇ ದಿನ ಅವಳಿಗೂ ಪಾರ್ಸೆಲ್.

ಬೆಳಿಗ್ಗೆ ಕಡೆ ನವಣೆ ಬಿಸಿಬೇಳೆಬಾತ್ ಇರುತ್ತೆ, 60 ರೂಪಾಯಿ. ರುಚಿ ಸುಮಾರು. 2023ರಲ್ಲಿ ಸಿರಿಧಾನ್ಯ ವರ್ಷ ಅಂತ ಪ್ರಪಂಚವೆಲ್ಲ ಆಚರಿಸಿದ ಮೇಲೆ ಎಲ್ಲಾ ಹೋಟೆಲ್ನೋರೂ ಅಕ್ಕಿ ತೆಗೆದು ನವಣೆ ಹಾಕಿದ್ರು, ಆದ್ರೆ ನವಣೆಗೆ ನೀರು, ಟೈಮು ಬೇರೇನೇ, ಅಕ್ಕಿ ಥರ ಬೇಯಿಸಿದ್ರೆ ಹಲ್ಲಿಗೆ ಸಿಗುತ್ತೆ. ಇಲ್ಲೂ ವಾರಕ್ಕೊಂದು ಸಲ ಹಾಗೇ ಹಲ್ಲಿಗೆ ಸಿಗುತ್ತೆ.

ರಾಗಿ ಅಂಬಲಿ 20 ರೂಪಾಯಿ, ಸ್ಟೀಲ್ ಲೋಟದಲ್ಲಿ, ಮಜ್ಜಿಗೆ, ಈರುಳ್ಳಿ, ಕೊತ್ತಂಬರಿ ಹಾಕಿ. ಬೇಸಿಗೇಲಿ ಇದರ ಮುಂದೆ ಯಾವ ಕೋಲ್ಡ್ ಡ್ರಿಂಕೂ ನಿಲ್ಲಲ್ಲ. ಆದ್ರೆ "ರಾಗೀಲಿ ಕ್ಯಾಲ್ಸಿಯಂ ತುಂಬ ಇದೆ" ಅಂತ ಲೋಟ ಕುಡಿದು ಮೂಳೆ ಗಟ್ಟಿಯಾಯ್ತು ಅಂದ್ಕೋಬೇಡಿ. 100 ಗ್ರಾಂ ರಾಗಿ ಹಿಟ್ಟಲ್ಲಿ 340 ಮಿಲಿಗ್ರಾಂ ಆಸುಪಾಸು ಇರೋದು ನಿಜ, ಲೋಟಕ್ಕೆ ಬೀಳೋದು ಎರಡು ಚಮಚ ಹಿಟ್ಟು, ಅಲ್ಲಿಗೆ 70 ಆದ್ರೆ ಹೆಚ್ಚು. ಅಂಬಲಿ ಕುಡೀಬೇಕಾಗಿರೋದು ಹೊಟ್ಟೆ ತಣ್ಣಗಾಗುತ್ತೆ ಅಂತ.

ಈಗ ಜಗಳದ ವಿಷಯ. ಗಲ್ಲಾ ಪಕ್ಕ ಒಂದು ಗಾಜಿನ ಭರಣೀಲಿ ರಾಗಿ ಉಂಡೆ, ಎಳ್ಳುಂಡೆ ಇಟ್ಟಿರ್ತಾರೆ, ಮೇಲೊಂದು ಚೀಟಿ, "ಸಕ್ಕರೆ ಇಲ್ಲ". ನಾನು ಒಂದಿನ ಕೇಳ್ದೆ, "ಅಕ್ಕಾ, ಇಷ್ಟು ಬೆಲ್ಲ ಸುರಿದು ಸಕ್ಕರೆ ಇಲ್ಲ ಅಂದ್ರೆ ಹೆಂಗೆ, ಬೆಲ್ಲಾನೂ ಸಕ್ಕರೇನೇ ಅಲ್ವಾ?"

"ಬೆಲ್ಲ ಬೆಲ್ಲ ಕಣಪ್ಪಾ, ಸಕ್ಕರೆ ಹೆಂಗಾಗುತ್ತೆ?"

"ಶುಗರ್ ಇರೋರು ಚೀಟಿ ನೋಡ್ಕೊಂಡು ತಿಂದ್ಬಿಡ್ತಾರಲ್ಲಕ್ಕಾ."

"ಶುಗರ್ ಇರೋರಿಗೆ ತಿನ್ನಿ ಅಂತ ನಾನೆಲ್ಲಿ ಬರ್ದಿದೀನಿ?"

ಮೂರು ದಿನ ನನ್ ತಟ್ಟೆಗೆ ಮಜ್ಜಿಗೆಹುಳಿ ಸ್ವಲ್ಪ ಕಮ್ಮಿ ಬಿತ್ತು. ನಾಲ್ಕನೇ ದಿನ ಚೀಟಿ ಬದಲಾಗಿತ್ತು, "ಬೆಲ್ಲದ್ದು" ಅಂತ. ಅದೇ ಅಕ್ಷರ, ಅದೇ ಕೆಂಪು ಪೆನ್ನು. ಏನೂ ಮಾತಾಡ್ಲಿಲ್ಲ, ನಾನೂ ಎರಡು ಉಂಡೆ ತಗೊಂಡೆ. ಉಂಡೆ ಚೆನ್ನಾಗಿದೆ, ಒಂದರ ಮೇಲೆ ಬೇಡ.

ಅಕ್ಕ ಆದ್ರೂ ಚೀಟಿ ಬದಲಾಯಿಸಿದ್ರು, ಪ್ಯಾಕೆಟ್ ಮಾಡೋರು ಬದಲಾಯಿಸಲ್ಲ. ನಮ್ಮ ಆಫೀಸ್ ಪ್ಯಾಂಟ್ರೀಲಿ ಇಟ್ಟಿದ್ದ ಒಂದು ರಾಗಿ ಬಿಸ್ಕೆಟ್ ಪ್ಯಾಕೆಟ್ ಮುಂದೆ ರಾಗಿ ತೆನೆ, ಹಸಿರು ಬಣ್ಣ, ಓಡ್ತಿರೋ ಹುಡುಗಿ. ಹಿಂದೆ ತಿರುಗಿಸಿ ನೋಡಿದ್ರೆ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಪಾಮ್ ಎಣ್ಣೆ, ನಾಲ್ಕನೇ ಜಾಗದಲ್ಲಿ ರಾಗಿ. ಪ್ಯಾಕೆಟ್ ಹಿಂದಿನ ಲಿಸ್ಟು ತೂಕದ ಪ್ರಕಾರ ಬರೀಬೇಕು, ಜಾಸ್ತಿ ಇರೋದು ಮೊದಲು, ಅದು ರೂಲು. ಅಂದ್ರೆ ಅದು ಮೈದಾ ಬಿಸ್ಕೆಟ್ಟು, ರಾಗಿ ನೆಂಟರ ಥರ ಬಂದಿದೆ. ಅದೇ ಪ್ಯಾಂಟ್ರೀಲಿ ಹುರಿಗಡ್ಲೆ ಇಡಿ ಅಂತ ಎಚ್‌ಆರ್‌ಗೆ ಎರಡು ಸಲ ಬರ್ದಿದೀನಿ, "ನೋಟೆಡ್" ಅಂತ ಉತ್ತರ ಬಂದಿದೆ.

ಅಕ್ಕನ ಎದುರುಗಡೇನೇ ಒಂದು ಗೋಬಿ ಗಾಡಿ ಇದೆ. 2024ರ ಮಾರ್ಚಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ಮಾಡ್ತು, ಕಾಟನ್ ಕ್ಯಾಂಡೀಲಿ ರೋಡಮೈನ್-ಬಿ ಅನ್ನೋ ಬಟ್ಟೆಗೆ ಹಾಕೋ ಬಣ್ಣ ಸಿಕ್ಕಿದ್ದೂ ಆಗಲೇ. ಆವತ್ತಿಂದ ಈ ಗಾಡಿಯ ಗೋಬಿ ಕಂದು ಬಣ್ಣ, ಆದ್ರೂ ಸಂಜೆ ಆರಕ್ಕೆ ಜನ ಮುಗಿಬೀಳ್ತಾರೆ. ಯಾಕೆ ಅಂತ ನನಗೆ ಗೊತ್ತು, ಆರಕ್ಕೆ ಅಕ್ಕನ ಅಂಗಡಿ ಖಾಲಿ. ಇದೇ ನನ್ನ ದೊಡ್ಡ ಕಂಪ್ಲೇಂಟು. ಸೆಕೆಂಡ್ ಶಿಫ್ಟಿಗೆ ಬರೋ ಹುಡುಗ್ರು ರಾತ್ರಿ ಎಂಟಕ್ಕೆ ಬ್ರೇಕಲ್ಲಿ ಹೊರಗೆ ಬಂದ್ರೆ ಗೋಬಿ, ಎಗ್ ರೈಸು ಬಿಟ್ರೆ ಗತಿ ಇಲ್ಲ. "ಇನ್ನೊಂದು ಒಬ್ಬೆ ಹಾಕಿ ಅಕ್ಕಾ" ಅಂದ್ರೆ "ರುಬ್ಬೋಳು ಒಬ್ಳೇ, ನಾನೇ" ಅಂತಾರೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ.

ಬೇರೆ ತಕರಾರು: ಮಜ್ಜಿಗೆಗೆ ಉಪ್ಪು ಜಾಸ್ತಿ, ದಿನಕ್ಕೆ 5 ಗ್ರಾಂ ಉಪ್ಪು ಸಾಕು ಅಂತಾರೆ, ಇಲ್ಲಿ ಎರಡು ಲೋಟ ಕುಡಿದ್ರೆ ಅರ್ಧ ಕೋಟಾ ಮುಗೀತು ಅನ್ಸುತ್ತೆ. ಕೂರೋಕೆ ಜಾಗ ಇಲ್ಲ, ಮಳೆ ಬಂದ್ರೆ ಶಟರ್ ಕೆಳಗೆ ಎಂಟು ಜನ. ಏಪ್ರಿಲ್‌ನಲ್ಲಿ ಒಂದು ಸಲ ಮೊಳಕೆ ಹೆಸರುಕಾಳು ಲೋಳೆ ಬಂದಿತ್ತು, ಹೇಳಿದ ತಕ್ಷಣ ಇಡೀ ಪಾತ್ರೆ ಚೆಲ್ಲಿ ದುಡ್ಡು ವಾಪಸ್ ಕೊಟ್ರು, ಅದನ್ನೂ ಹೇಳ್ಬೇಕು.

ಅಕ್ಕ ಸೋಮವಾರ ರಜ. ಆವತ್ತು ನಾನು ಮನೆಯಿಂದ್ಲೇ ಬ್ಯಾಗಲ್ಲಿ ಎರಡು ಏಲಕ್ಕಿ ಬಾಳೆಹಣ್ಣು, ಒಂದು ಹಿಡಿ ಕಡ್ಲೆಬೀಜ ಇಟ್ಕೊಂಡಿರ್ತೀನಿ. ಹಣ್ಣು ಹಾಪ್‌ಕಾಮ್ಸಿಂದು, 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸೊಸೈಟಿಯಾಗಿ ಶುರುವಾದ ಸಂಸ್ಥೆ, ಆ ಹಸಿರು ಪೆಟ್ಟಿಗೆ ಅಂಗಡಿಗಳು ಇನ್ನೂ ಇವೆಯಲ್ಲ ಅನ್ನೋದೇ ಖುಷಿ. ಎರಡು ಸೋಮವಾರ ಬಾಳೆಹಣ್ಣು ಮರೆತು ಬಂದಿದ್ದೆ, ಎರಡೂ ದಿನ ಪಫ್ಸ್ ತಿಂದೆ, ಮುಚ್ಚಿಟ್ಟು ಏನ್ ಮಾಡ್ಲಿ.

ಹೋಗೋರು ಐದು ಕಾಲರೊಳಗೆ ಹೋಗಿ. ಸ್ವಂತ ಡಬ್ಬಿ ತಗೊಂಡು ಹೋದ್ರೆ ಒಂದು ಉಂಡೆ ಜಾಸ್ತಿ ಹಾಕ್ತಾರೆ. ಚಿಲ್ರೆ ಇಟ್ಕೊಳ್ಳಿ, ಆ ಮೂಲೇಲಿ ನೆಟ್‌ವರ್ಕ್ ಸಿಗಲ್ಲ, ಹಿಂದೆ ನಿಂತೋರು ಬೈತಾರೆ.