ಸಮುರಾಯ್ ಕಥೆಗೆ ಯಾವ ರೂಲ್‌ಬುಕ್? ಒಂದೇ ಕಥೆಯನ್ನು ಮೂರು ಆಟದಲ್ಲಿ ಆಡಿಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾಗಿದ್ದು ಲೆಜೆಂಡ್ ಆಫ್ ದಿ ಫೈವ್ ರಿಂಗ್ಸ್ ಆಟದ 5ನೇ ಆವೃತ್ತಿ, 2018ರಲ್ಲಿ ಬಂದಿದ್ದು. ಇವೆಲ್ಲ ರೋಲ್‌ಪ್ಲೇಯಿಂಗ್ ಆಟಗಳು: ಒಬ್ಬ ಕಥೆ ನಡೆಸುತ್ತಾನೆ (ನಮ್ಮಲ್ಲಿ ನಾನು), ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾ, ದಾಳ ಉರುಳಿಸುತ್ತಾ ಆಡುತ್ತಾರೆ. ಅದರ ದಾಳಗಳು ಕೊಟ್ಟಷ್ಟು ಕಾಟ ಬೇರೆ ಯಾವ ಆಟವೂ ನನಗೆ ಕೊಟ್ಟಿಲ್ಲ. ಆ ಕಥೆ ಕೆಳಗೆ ಉದ್ದಕ್ಕೆ ಬರುತ್ತದೆ. ಆದರೂ ಮುಂದಿನ ಒಂದು ವರ್ಷ ನಮ್ಮ ಮನೆಯಲ್ಲಿ ಆಡುವುದು ಅದನ್ನೇ.

ಅದರ ಎದುರು ನಿಲ್ಲಿಸಿದ್ದು ಎರಡು ಆಟ. ಒಂದು, ನಮ್ಮೆಲ್ಲರ ಹತ್ತಿರ ಆಗಲೇ ಇದ್ದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಡಿ ಆ್ಯಂಡ್ ಡಿ) 5ನೇ ಆವೃತ್ತಿ. ಅದರಲ್ಲಿ ಫೈಟರ್ ಅನ್ನುವ ಹೋರಾಟಗಾರ ಪಾತ್ರಕ್ಕೆ ಸಮುರಾಯ್ ಅನ್ನುವ ಸಬ್‌ಕ್ಲಾಸ್, ಅಂದರೆ ಒಂದು ಉಪವಿಧ, 2017ರಿಂದಲೇ ಇದೆ. ಇನ್ನೊಂದು, ಗೆಳೆಯನೊಬ್ಬ ತಾನು ಆಡಿ ಮುಗಿಸಿ ನನಗೆ ಕೊಟ್ಟ ಫೈವ್ ರಿಂಗ್ಸ್‌ನ ಹಳೇ 4ನೇ ಆವೃತ್ತಿ, 2010ರದ್ದು. ಪುಟ ಎಷ್ಟು, ಚಿತ್ರ ಹೇಗಿದೆ ಅನ್ನೋದನ್ನೆಲ್ಲ ಬಿಡುತ್ತೇನೆ. ನನಗೆ ಬೇಕಾಗಿದ್ದು ಒಂದೇ: ನಾನು ಬರೆದ ಕಥೆ ಟೇಬಲ್ ಮೇಲೆ ಸಮುರಾಯ್ ಕಥೆಯಾಗಿ ಉಳಿಯುತ್ತದಾ, ಇಲ್ಲವಾ?

ಅದಕ್ಕೆ ಒಂದೇ ಕಥೆಯನ್ನು ಮೂರು ಸಲ ಆಡಿಸಿದೆ. ಎರಡು ಸಲ ಅದೇ ನಾಲ್ಕು ಜನ, ಮೂರನೇ ಸಲ ನಾಲ್ವರಲ್ಲಿ ಇಬ್ಬರು ಹೊಸಬರು.

ಕಥೆಯ ಬೀಜ ಜಪಾನಿನ ಇತಿಹಾಸದಿಂದ ಎತ್ತಿದ್ದು. ಅಲ್ಲಿ 1635ರಲ್ಲಿ ಒಂದು ಕಟ್ಟಳೆ ಗಟ್ಟಿಯಾಯಿತು. ಸಾಮಂತರು ಒಂದು ವರ್ಷ ತಮ್ಮ ಸೀಮೆಯಲ್ಲಿ, ಇನ್ನೊಂದು ವರ್ಷ ದೇಶ ಆಳುವ ಸೇನಾಧಿಪತಿ ಶೋಗುನ್ ಇರುವ ಎದೋ ಪಟ್ಟಣದಲ್ಲಿ ಇರಬೇಕು. ಅವರ ಹೆಂಡತಿ ಮತ್ತು ವಾರಸುದಾರ ಮಗ ಮಾತ್ರ ಯಾವಾಗಲೂ ಎದೋದಲ್ಲೇ, ಒಂದು ಥರ ಒತ್ತೆಯಾಳುಗಳಾಗಿ. ಆ ಹೆಂಗಸರು ಗುಟ್ಟಾಗಿ ಊರಿಗೆ ಹೊರಟರೆ ಸಾಮಂತ ದಂಗೆಗೆ ತಯಾರಾಗುತ್ತಿದ್ದಾನೆ ಅಂತ ಅರ್ಥ. ಅದಕ್ಕೇ ಎದೋದಿಂದ ಹೊರಗೆ ಹೋಗುವ ದಾರಿಯ ಹಕೋನೆ ಘಾಟಿಯ ಚೆಕ್‌ಪೋಸ್ಟಿನಲ್ಲಿ ಹೆಂಗಸರ ಮೇಲೆ ತುಂಬಾ ಕಣ್ಣು. ಒಳಗೆ ಬರುವ ಬಂದೂಕು, ಹೊರಗೆ ಹೋಗುವ ಹೆಣ್ಣು, ಎರಡನ್ನೂ ಹಿಡಿಯಿರಿ ಅನ್ನುವ ಮಾತೇ ಬಳಕೆಯಲ್ಲಿತ್ತು. ಎದೋ ಬಿಟ್ಟು ಹೋಗುವ ಹೆಂಗಸಿಗೆ ಬೇರೆ ಪರವಾನಗಿ, ಅದರಲ್ಲಿ ಆಕೆಯ ಚಹರೆ ಕೂಡ ಬರೆದಿರುತ್ತಿತ್ತು. ತಪಾಸಣೆ ಮಾಡೋಕೆ ಬೇರೆ ಹೆಂಗಸರೇ ಇರುತ್ತಿದ್ದರು, ಕೂದಲು ಬಿಚ್ಚಿಸಿ ನೋಡುತ್ತಿದ್ದರು.

ಇದನ್ನು ಫೈವ್ ರಿಂಗ್ಸ್‌ನ ರೊಕುಗಾನ್ ಅನ್ನುವ, ಜಪಾನನ್ನು ಹೋಲುವ ಕಲ್ಪಿತ ಲೋಕಕ್ಕೆ ತಂದೆ. ಚಳಿಗಾಲದ ಸಂಜೆ. ಒಬ್ಬ ಹೆಂಗಸು ಘಾಟಿಯ ಗೇಟಿಗೆ ಬರುತ್ತಾಳೆ. ಪತ್ರದ ಮುದ್ರೆ ಸರಿಯಾಗಿದೆ, ಆದರೆ ಚಹರೆ ಹೊಂದುವುದಿಲ್ಲ. ಊರಿನಲ್ಲಿ ಗಂಡ ಸಾಯುವ ಸ್ಥಿತಿಯಲ್ಲಿದ್ದಾನೆ. ಗೇಟ್ ಕಾಯುವವರು ಆಟಗಾರರೇ. ಅವರಲ್ಲಿ ಒಬ್ಬನನ್ನು ಚಿಕ್ಕಂದಿನಲ್ಲಿ ನೀರಿನಿಂದ ಎತ್ತಿ ಬದುಕಿಸಿದ್ದು ಇದೇ ಹೆಂಗಸಿನ ಅಣ್ಣ. ಇಷ್ಟೇ ಕಥೆ. ರಾಕ್ಷಸ ಇಲ್ಲ, ನಿಧಿ ಇಲ್ಲ.

ಡಿ ಆ್ಯಂಡ್ ಡಿಯಲ್ಲಿ ಇದು 20 ನಿಮಿಷಕ್ಕೆ ಬಿದ್ದುಹೋಯಿತು. ತಪ್ಪು ಆಟಗಾರರದ್ದಲ್ಲ. ಅವರ ಶೀಟಿನಲ್ಲಿ, ಅಂದರೆ ಪಾತ್ರದ ವಿವರ ಬರೆದ ಹಾಳೆಯಲ್ಲಿ, ಏನಿದೆಯೋ ಅದನ್ನೇ ಅವರು ಆಡುತ್ತಾರೆ, ಅಲ್ವಾ? ಶೀಟಿನಲ್ಲಿ ಇರುವುದು ಏಟು, ಪ್ರಾಣ, ಮಂತ್ರ. ಸಮುರಾಯ್ ಸಬ್‌ಕ್ಲಾಸ್ ಕೊಡುವುದು ಫೈಟಿಂಗ್ ಸ್ಪಿರಿಟ್, ಒಂದು ಸರದಿಗೆ ಏಟು ಚೆನ್ನಾಗಿ ಬೀಳುತ್ತದೆ, ಸ್ವಲ್ಪ ತಾತ್ಕಾಲಿಕ ಪ್ರಾಣದ ಅಂಕ ಸಿಗುತ್ತದೆ. ಗೇಟಿನ ಮುಂದೆ ಅದಕ್ಕೆ ಕೆಲಸವೇ ಇಲ್ಲ. ಒಬ್ಬರು ಪರ್ಸುಯೇಷನ್‌ಗೆ, ಅಂದರೆ ಮನವೊಲಿಸೋಕೆ, 20 ಮುಖದ ದಾಳ ಉರುಳಿಸಿದರು, 19 ಬಿತ್ತು, ಮೇಲಧಿಕಾರಿ ಒಪ್ಪಬೇಕಾಯಿತು. ಹೆಂಗಸು ದಾಟಿದಳು, ಯಾರಿಗೂ ಏನೂ ಕಳೆದುಕೊಂಡ ಹಾಗೆ ಅನಿಸಲಿಲ್ಲ. ಆಮೇಲೆ ಬೆನ್ನಟ್ಟಿ ಬಂದವರ ಜೊತೆ ಮುಕ್ಕಾಲು ಗಂಟೆ ಹೊಡೆದಾಟ. ಅದು ಮಾತ್ರ ಭರ್ಜರಿಯಾಗಿತ್ತು, ಒಪ್ಪುತ್ತೇನೆ. ಮುಗಿದ ತಕ್ಷಣ ನನ್ನ ತಂಗಿ ಕೇಳಿದಳು, "ಅಣ್ಣ, ಈ ಹೆಣಗಳ ಹತ್ತಿರ ದುಡ್ಡು ಎಷ್ಟಿದೆ?"

ಅಲ್ಲಿಗೆ ನನ್ನ ಲೋಕ ಮುರಿಯಿತು. ಸಮುರಾಯ್‌ಗೆ ಸಂಬಳ ಅಕ್ಕಿಯ ಲೆಕ್ಕದಲ್ಲಿ, ಕೊಕು ಅನ್ನುವ ಅಳತೆಯಲ್ಲಿ. ಒಂದು ಕೊಕು ಅಂದರೆ ಸುಮಾರು 150 ಕಿಲೋ, ಒಬ್ಬ ಮನುಷ್ಯ ವರ್ಷಪೂರ್ತಿ ಉಣ್ಣುವಷ್ಟು ಅಂತ ಲೆಕ್ಕ. ಅದು ಒಡೆಯ ಕೊಡುವುದು. ರೊಕುಗಾನ್‌ನಲ್ಲಿ ಹೆಣ ಮುಟ್ಟುವುದೇ ಮೈಲಿಗೆ. ಅದನ್ನೆಲ್ಲ ನಾನು ಬಾಯಲ್ಲಿ ಹೇಳಿದೆ, ಅವಳು ಒಪ್ಪಿದಳು, ಆದರೆ ಆಟ ಅವಳನ್ನು ಆ ಕಡೆಗೇ ಎಳೆಯುತ್ತಿತ್ತು. ಪ್ರತಿ ಸೆಷನ್‌ನಲ್ಲೂ ರೂಲ್‌ಬುಕ್ ವಿರುದ್ಧ ಜಗ್ಗಾಡಿ ಕಥೆ ನಡೆಸೋಕೆ ನನಗೆ ಶಕ್ತಿ ಇಲ್ಲ.

4ನೇ ಆವೃತ್ತಿ ಬೇರೆಯೇ ಲೆಕ್ಕ. ಹತ್ತು ಮುಖದ ದಾಳ ಒಂದಷ್ಟು ಉರುಳಿಸು, ಅದರಲ್ಲಿ ಕೆಲವನ್ನು ಇಟ್ಟುಕೊಂಡು ಕೂಡಿಸು, 10 ಬಿದ್ದರೆ ಇನ್ನೊಮ್ಮೆ ಉರುಳಿಸಿ ಸೇರಿಸು. ಕತ್ತಿ ಇಲ್ಲಿ ನಿಜವಾಗಿಯೂ ಕತ್ತಿ. ನಮ್ಮ ಗೇಟಿನ ಕಥೆಯಲ್ಲಿ ಮಾತಿಗೆ ಮಾತು ಬೆಳೆದು ದ್ವಂದ್ವಯುದ್ಧ ಏರ್ಪಟ್ಟಿತು. ಹತ್ತುಗಳ ಮೇಲೆ ಹತ್ತು ಬಿದ್ದು, ಎರಡೇ ಏಟಿಗೆ ನಮ್ಮ ಭಾವನ ಪಾತ್ರ ಸತ್ತುಹೋಯಿತು. ಎರಡನೇ ದೃಶ್ಯದಲ್ಲೇ. ಅವರು ಉಳಿದ ಎರಡು ಗಂಟೆ ಟೀ ಮಾಡಿಕೊಂಡು, ಬೇರೆಯವರ ದಾಳ ನೋಡಿಕೊಂಡು ಕೂತರು.

ಮಾನಕ್ಕೆ ಅಂಕ ಈ ಆವೃತ್ತಿಯಲ್ಲೂ ಇದೆ. ತಪ್ಪು ಮಾಡಿದರೆ ಇಳಿಯುತ್ತದೆ. ಆದರೆ ಆ ಪಾತ್ರ ಒಳಗೊಳಗೆ ಏನು ಬಯಸುತ್ತಿದೆ ಅಂತ ಶೀಟ್ ನನಗೆ ಹೇಳಲಿಲ್ಲ. ನಾಲ್ಕು ಜನಕ್ಕೂ ನಾನೇ ಕೂತು ಸಂಕಟ ಹೆಣೆಯಬೇಕಾಯಿತು. ಶನಿವಾರ ರಾತ್ರಿ ಒಂದು ಗಂಟೆವರೆಗೆ ಬರೆದೆ.

ಈಗ ಫೈವ್ ರಿಂಗ್ಸ್‌ನ 5ನೇ ಆವೃತ್ತಿಗೆ ಬರುತ್ತೇನೆ. ಇಲ್ಲಿ ಪಾತ್ರ ಹುಟ್ಟುವುದೇ 20 ಪ್ರಶ್ನೆಗಳಿಂದ. ಅದರಲ್ಲಿ ಒಂದು, ನಿನ್ನ ಒಡೆಯ ಯಾರು, ಅವನಿಗೆ ನಿನ್ನ ಕರ್ತವ್ಯ ಏನು? ಅದು ಗಿರಿ. ಅದರ ಹಿಂದೆಯೇ ಇನ್ನೊಂದು, ನಿನ್ನ ಮನಸ್ಸು ಏನನ್ನು ಬಯಸುತ್ತದೆ, ಅದು ಕರ್ತವ್ಯಕ್ಕೆ ಹೇಗೆ ಅಡ್ಡ ಬರುತ್ತದೆ? ಅದು ನಿಂಜೊ. ಆಟ ಶುರುವಾಗುವ ಮೊದಲೇ ನಾಲ್ಕು ಜನರ ನಾಲ್ಕು ಸಂಕಟ ನನ್ನ ಕೈಯಲ್ಲಿ ಬಿತ್ತು. ಅರ್ಧ ಕಥೆ ಅವರೇ ಬರೆದುಕೊಟ್ಟ ಹಾಗಾಯಿತು.

ಗಿರಿ ಅಂದರೆ ಏನು ಅಂತ ಹೊಸಬರಿಬ್ಬರಿಗೆ ತಿಳಿಸೋಕೆ ಇಂಗ್ಲಿಷಿನಲ್ಲಿ ತಡಕಾಡುತ್ತಿದ್ದೆ. ಆಮೇಲೆ ಹಳಗನ್ನಡದ ಜೋಳವಾಳಿ ನೆನಪಾಯಿತು. ಒಡೆಯ ಹಾಕಿದ ಜೋಳಕ್ಕೆ ಪ್ರಾಣ ಕೊಟ್ಟು ಋಣ ತೀರಿಸುವುದು. ಹಳೇಬೀಡಿನ ಕಂಬದ ಶಾಸನದಲ್ಲಿರುವ ಕುವರ ಲಕ್ಷ್ಮನ ಕಥೆ ಹೇಳಿದೆ, 1220ರಲ್ಲಿ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಲಕ್ಷ್ಮನೂ ಅವನ ಕಡೆಯ ಗರುಡರೂ, ಅಂದರೆ ಒಡೆಯನ ಜೊತೆ ಸಾಯುವ ಪಣ ತೊಟ್ಟ ಯೋಧರೂ, ಜೊತೆಯಲ್ಲೇ ಪ್ರಾಣ ಬಿಟ್ಟಿದ್ದು. ಅಲ್ಲಿ ಜೋಳ, ಇಲ್ಲಿ ಅಕ್ಕಿ. ಹೊಸಬರಲ್ಲೊಬ್ಬ, ಹಾಸನದ ಹುಡುಗ, ತಕ್ಷಣ ಶೀಟಿನಲ್ಲಿ ಬರೆದುಕೊಂಡ. ಇನ್ನೇನೂ ವಿವರಿಸಬೇಕಾಗಲಿಲ್ಲ.

ಸರಿ, ದಾಳ. ಈ ಆಟದ ದಾಳದ ಮೇಲೆ ಅಂಕಿ ಇಲ್ಲ, ಗುರುತುಗಳಿವೆ. ಕಪ್ಪು ಬಣ್ಣದ ಆರು ಮುಖದ್ದು, ಬಿಳಿ ಬಣ್ಣದ ಹನ್ನೆರಡು ಮುಖದ್ದು. ಒಂದು ಪ್ಯಾಕಿನಲ್ಲಿ ಐದೈದು. ನಾನು ಹೊರದೇಶದಿಂದ ತರಿಸುವ ಒಂದು ಅಂಗಡಿಗೆ ಆರ್ಡರ್ ಕೊಟ್ಟೆ, ದುಡ್ಡು ಮುಂಚೆಯೇ ಕಟ್ಟಿದೆ. ಮೂರು ವಾರ ಅಂದರು. ಎರಡೂವರೆ ತಿಂಗಳಾಯಿತು. ಬಂದ ಪ್ಯಾಕು ಒಂದೇ, ಹೇಳಿದ್ದು ಎರಡು. ಸುಂಕ ಬೇರೆ ನನ್ನ ಮೇಲೇ ಬಿತ್ತು. ಉಳಿದ ದುಡ್ಡು ವಾಪಸ್ ಪಡೆಯೋಕೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ.

ಅಷ್ಟರವರೆಗೆ ಏನು ಮಾಡುವುದು? ಮಾಮೂಲಿ ದಾಳ ಉರುಳಿಸಿ ಗುರುತಿಗೆ ಬದಲಾಯಿಸಿಕೊಳ್ಳೋಕೆ ಪುಸ್ತಕದಲ್ಲೇ ಒಂದು ಪಟ್ಟಿ ಇದೆ. ಆರು ಮುಖದ್ದು ಲೂಡೋ ಡಬ್ಬಿಯಿಂದ ಬಂತು. ಹನ್ನೆರಡು ಮುಖದ್ದಕ್ಕೆ ಒದ್ದಾಟ. ಏಳು ದಾಳದ ಸೆಟ್ ಸಿಗುತ್ತದಲ್ಲ, ಅದರಲ್ಲಿ ಹನ್ನೆರಡು ಮುಖದ್ದು ಇರುವುದು ಒಂದೇ ಒಂದು. ಬಿಡಿಯಾಗಿ ಕೇಳಿದರೆ ಎಲ್ಲೂ ಇಲ್ಲ. ಐದು ಜನರ ಸೆಟ್‌ಗಳಿಂದ ಒಂದೊಂದು ಎತ್ತಿ ಟೇಬಲ್ ಮಧ್ಯೆ ಬಟ್ಟಲಲ್ಲಿ ಹಾಕಿದೆವು. ಪಟ್ಟಿಯನ್ನು ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿ ಎಲ್ಲರಿಗೂ ಕೊಟ್ಟೆ.

ಆದರೂ ಪ್ರತಿ ಸಲ ಉರುಳಿಸಿದಾಗ ಒಂದೂವರೆ ನಿಮಿಷ. ಬಟ್ಟಲು ದಾಟಿಸು, ಉರುಳಿಸು, ಪಟ್ಟಿ ನೋಡು, ಯಾವುದನ್ನು ಇಟ್ಟುಕೊಳ್ಳಲಿ ಅಂತ ಯೋಚಿಸು, ಇನ್ನೊಂದು ದಾಳ ಉರುಳಿಸು ಅನ್ನುವ ಸ್ಫೋಟದ ಗುರುತು ಬಂದರೆ ಮತ್ತೆ ಮೊದಲಿಂದ. ಮೊದಲ ಸೆಷನ್‌ನಲ್ಲಿ ಹೊಸಬರಿಬ್ಬರ ಮುಖ ಬಾಡಿತ್ತು. ದಾಳಕ್ಕೆ ಸ್ಟಿಕ್ಕರ್ ಅಂಟಿಸಿ ನೋಡಿದೆ, ಎರಡು ವಾರಕ್ಕೆ ಅಂಚು ಎದ್ದಿತು. ಬಣ್ಣದ ಪೆನ್ನಿನಲ್ಲಿ ಬರೆದೆ, ಬೆವರಿಗೆ ಅಳಿಸಿಹೋಯಿತು. ಅಂಕಿಯ ದಾಳದಲ್ಲಿ ಈ ಗೋಳೇ ಇಲ್ಲ, 4ನೇ ಆವೃತ್ತಿಗೆ ಇದೊಂದು ದೊಡ್ಡ ಪ್ಲಸ್.

ಹಾಗಿದ್ದೂ ಇದನ್ನೇ ಯಾಕೆ ಹಿಡಿದುಕೊಂಡೆ ಅಂದರೆ, ಆ ಗುರುತುಗಳಲ್ಲೇ ಆಟದ ಜೀವ ಇದೆ. ಕಪ್ಪು ದಾಳದಲ್ಲಿ ಗೆಲುವು ತರುವ ಮುಖ ಮೂರು. ಅದರಲ್ಲಿ ಎರಡಕ್ಕೆ ಸ್ಟ್ರೈಫ್ ಅಂಟಿಕೊಂಡಿದೆ, ಅಂದರೆ ಮನಸ್ಸಿನ ಒತ್ತಡ. ಬಿಳಿ ದಾಳ ಅಭ್ಯಾಸದಿಂದ ಬರುವ ಕೌಶಲದ್ದು, ಅದರ ಹನ್ನೆರಡು ಮುಖದಲ್ಲಿ ಸ್ಟ್ರೈಫ್ ಇರುವುದು ಮೂರರಲ್ಲಿ ಮಾತ್ರ. ಪಳಗದ ಕೆಲಸಕ್ಕೆ ಸಿಗುವುದು ಕಪ್ಪು ದಾಳ ಮಾತ್ರ, ಅಲ್ಲಿ ಗೆಲ್ಲಬೇಕು ಅಂದರೆ ಹೆಚ್ಚಿನ ಸಲ ಒತ್ತಡ ನುಂಗಬೇಕು. ನುಂಗಿದ್ದು ಸ್ಥಿಮಿತದ ಮಿತಿ ದಾಟಿತಾ, ಆಮೇಲೆ ಸ್ಟ್ರೈಫ್ ಇರುವ ದಾಳ ಇಟ್ಟುಕೊಳ್ಳುವ ಹಾಗಿಲ್ಲ. ಬಿಡುಗಡೆ ಬೇಕಾದರೆ ಎಲ್ಲರ ಮುಂದೆ ಮುಖವಾಡ ಕಳಚಬೇಕು. ಅಳಬೇಕು, ಕೂಗಬೇಕು, ಮಾನ ಹೋಗಬಹುದು.

ಹಾಸನದ ಹುಡುಗನ ಪಾತ್ರಕ್ಕೇ ಆ ಹೆಂಗಸಿನ ಅಣ್ಣನ ಋಣ ಇತ್ತು. ಅವನೇ ಪತ್ರ ಓದಬೇಕು. ಮೊದಲ ಸಲ ಗೆದ್ದ, ಸ್ಟ್ರೈಫ್ ಎರಡು. ಮೇಲಧಿಕಾರಿಗೆ ಸುಳ್ಳು ಹೇಳಿದ, ಗೆದ್ದ, ಇನ್ನೂ ಮೂರು. ಕೂದಲು ಬಿಚ್ಚಿಸುವ ಹೊತ್ತಿಗೆ ಮಿತಿ ಮೀರಿತ್ತು. ಅವನು ದಾಳ ಕೆಳಗಿಟ್ಟ. "ಇವರನ್ನ ನಾನು ಬಲ್ಲೆ" ಅಂದ. ಅಷ್ಟೇ ಅಂದಿದ್ದು. ಕತ್ತಿ ಹೊರಗೆ ಬರಲೇ ಇಲ್ಲ, ಆದರೂ ಅಡುಗೆಮನೆಯಲ್ಲಿದ್ದ ನಮ್ಮ ಅಮ್ಮ ಬಂದು ಬಾಗಿಲಲ್ಲಿ ನಿಂತು ಕೇಳಿದರು, ಆ ಹೆಂಗಸಿಗೆ ಏನಾಯಿತು ಅಂತ.

ದಾಳದ ಗೋಳಿನಿಂದ ಕಥೆ ಬರೆಯುವ ರೀತಿಯೂ ಬದಲಾಯಿತು. ಈಗ ಒಂದು ದೃಶ್ಯಕ್ಕೆ ಮೂರು ಸಲಕ್ಕಿಂತ ಜಾಸ್ತಿ ದಾಳ ಉರುಳಿಸುವುದಿಲ್ಲ. ಪ್ರತಿ ದೃಶ್ಯಕ್ಕೂ ಚೀಟಿಯಲ್ಲಿ ಎರಡು ಸಾಲು ಬರೆದುಕೊಳ್ಳುತ್ತೇನೆ: ಯಾರ ಗಿರಿ ಇಲ್ಲಿ ಎಳೆಯುತ್ತದೆ, ಯಾರ ನಿಂಜೊ. ಎರಡೂ ಇಲ್ಲದ ದೃಶ್ಯ ತೆಗೆದುಹಾಕುತ್ತೇನೆ, ಎಷ್ಟೇ ಚೆನ್ನಾಗಿರಲಿ. ಬಾಗಿಲು ಸುಮ್ನೆ ತೆರೆಯುತ್ತದೆ, ದಾರಿ ಸುಮ್ನೆ ಸಿಗುತ್ತದೆ. ಸೋತರೂ ಗೆದ್ದರೂ ನೋವಾಗುವ ಕಡೆ ಮಾತ್ರ ದಾಳ.

ಅಡ್ವೆಂಚರ್ಸ್ ಇನ್ ರೊಕುಗಾನ್ ಬಗ್ಗೆ ಕೆಲವರು ಕೇಳಬಹುದು. 2022ರ ಆ ಪುಸ್ತಕ ಇದೇ ಲೋಕವನ್ನು ಡಿ ಆ್ಯಂಡ್ ಡಿ ನಿಯಮಗಳಿಗೆ ಹೊಂದಿಸಿದೆ. ಒಂದು ಸಂಜೆ ಓದಿದೆ, ಆಡಿಸಿಲ್ಲ.

ನಾವು ಆಡುವುದು ಎರಡು ವಾರಕ್ಕೊಮ್ಮೆ ಭಾನುವಾರ, ಊಟದ ಮೇಲೆ, ಮೂರೇ ಗಂಟೆ. ನನಗೆ ಹೊಡೆದಾಟ ನಡೆಸುವುದಕ್ಕಿಂತ ಮಾತು ನಡೆಸುವುದು ಇಷ್ಟ. ವಾರದ ಮಧ್ಯೆ ಬರೆಯೋಕೆ ಒಂದು ಗಂಟೆ ಸಿಕ್ಕರೆ ಹೆಚ್ಚು. ಹಾಗಾಗಿ ನನಗೆ 5ನೇ ಆವೃತ್ತಿ. ಕೈಯಲ್ಲಿ ದುಡ್ಡು ಕಡಿಮೆ, ಟೇಬಲ್‌ನಲ್ಲಿ ಎಲ್ಲರಿಗೂ ಕತ್ತಿ ಬೀಸುವ ಆಸೆ ಅಂದರೆ ಡಿ ಆ್ಯಂಡ್ ಡಿ ಸಾಕು, ಹೊಸದಾಗಿ ಏನೂ ಕೊಳ್ಳಬೇಡಿ. ಪಾತ್ರ ಸತ್ತರೂ ಬೇಜಾರು ಮಾಡಿಕೊಳ್ಳದ ಗುಂಪು, ಹಳೇ ಪ್ರತಿ ಎಲ್ಲಾದರೂ ಸಿಕ್ಕಿತು ಅಂದರೆ 4ನೇ ಆವೃತ್ತಿ ಬಿಡಬೇಡಿ, ಅದರ ದ್ವಂದ್ವದ ಬಿಸಿ 5ರಲ್ಲಿ ನನಗೆ ಸಿಕ್ಕಿಲ್ಲ. 5 ತೆಗೆದುಕೊಳ್ಳುವುದಾದರೆ ಮೊದಲು ಪುಸ್ತಕ ಮಾತ್ರ ಕೊಳ್ಳಿ, ದಾಳಕ್ಕೆ ಮುಂಗಡ ಕಟ್ಟಬೇಡಿ, ಎರಡು ಸೆಷನ್ ಪಟ್ಟಿ ನೋಡಿಕೊಂಡೇ ಆಡಿ.

ಮುಂದಿನ ಭಾನುವಾರಕ್ಕೆ ಕಥೆ ತಯಾರಿದೆ. ಜಪಾನಿನಲ್ಲಿ ಒಡೆಯ ಸತ್ತಾಗ ಹಿಂದೆಯೇ ಪ್ರಾಣ ಬಿಡುವ ಪದ್ಧತಿಯನ್ನು 1663ರಲ್ಲಿ ಶೋಗುನ್ ಸರ್ಕಾರ ನಿಷೇಧಿಸಿತು. ನಮ್ಮ ಘಾಟಿಯ ಹೆಂಗಸಿನ ಗಂಡ ತೀರಿಕೊಂಡಿದ್ದಾನೆ. ಅವನ ಮುದಿ ಸೇವಕ ಬಿಳಿ ಬಟ್ಟೆ ಉಟ್ಟು ಕೂತಿದ್ದಾನೆ. ನಿಷೇಧದ ಆಜ್ಞೆಯನ್ನು ಅವನಿಗೆ ಓದಿ ಹೇಳುವ ಕೆಲಸ ಹಾಸನದ ಹುಡುಗನ ಪಾಲಿಗೆ ಬಂದಿದೆ.